ಹದಿಮೂರು ಸೇರಿನ ಬಿಲ್ಲು

ಗುರಿ ತಪ್ಪಿ ಬಿದ್ದೆ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ. ಬಾಣ ಬಿಟ್ಟಾದ ಮೇಲೆಯೇ ನಾನು ಬಿದ್ದದ್ದು. ಅವತ್ತು ಬೆಳಿಗ್ಗೆಯಿಂದ ನಮ್ಮ ಭಟ್ಟಿ ಬೀದಿಯ ನೆತ್ತಿಯ ಮೇಲೆ ಎಮ್ಮೆಯಂಥ ಮೋಡವೊಂದು ನಿಂತಿತ್ತು. ನಮ್ಮೂರಿನ ಮೋಡಗಳು ಹಾಗೆಯೇ. ಬರುತ್ತವೆ, ನಿಲ್ಲುತ್ತವೆ, ಮನಸ್ಸು ಬಂದರೆ ವಾರಗಟ್ಟಲೆ ನಿಲ್ಲುತ್ತವೆ. ಬಾಣ ತಾಗುವ ತನಕ ಒಂದು ಹನಿ ಬಿಡುವುದಿಲ್ಲ. ಅದಕ್ಕೇ ಬೀದಿಗೊಬ್ಬರು ಬಿಲ್ಲುಗಾರರು. ನಮ್ಮ ಬೀದಿಗೆ ನಾನು, ಸಾಕಮ್ಮ. ಮದುವೆಯಾಗಿ ಈ ಬೀದಿಗೆ ಬಂದ ವರ್ಷವೇ ಬಿಲ್ಲು ಹಿಡಿದವಳು, ಇವತ್ತಿಗೂ ಬಿಟ್ಟಿಲ್ಲ.

ನನ್ನದು ಇಪ್ಪತ್ತೈದು ಸೇರಿನ ಬಿಲ್ಲು. ಬಿಲ್ಲನ್ನು ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಅಕ್ಕಿ ಚೀಲ ಕಟ್ಟಿ ಇಳಿಬಿಟ್ಟರೆ, ಪೂರ್ತಿ ಒಂದು ಬಾಣದುದ್ದ ಹೆದೆ ಬಾಗುವುದಕ್ಕೆ ಎಷ್ಟು ಅಕ್ಕಿ ಬೇಕೋ ಅಷ್ಟು ಸೇರಿನ ಬಿಲ್ಲು ಅಂತ ಲೆಕ್ಕ. ಇಪ್ಪತ್ತೈದನ್ನು ಎಳೆಯುವ ಹೆಂಗಸು ಊರಲ್ಲಿ ನಾನೊಬ್ಬಳೇ. ನಾನು ಹೊಡೆದರೆ ಬಾಣ ನೇರ ಮೋಡದ ಹೊಟ್ಟೆಗೇ. ಭೋರ್ ಅಂತ ಸುರಿದು, ಬೀದಿಯ ಹಂಡೆ, ಡ್ರಮ್ಮು, ತೊಟ್ಟಿ ಎಲ್ಲ ತುಂಬಿ, ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮಳೆ ಮುಗಿದಿರುತ್ತಿತ್ತು. ಅವತ್ತೂ ನಮ್ಮನೆ ತಾರಸಿಯ ಮೇಲಿಂದ ಹಾಗೇ ಹೊಡೆದೆ. ಮೋಡವನ್ನು ನೋಡುತ್ತಾ ಒಂದು ಹೆಜ್ಜೆ ಹಿಂದಕ್ಕಿಟ್ಟೆ. ತಾರಸಿ ಆಗಲೇ ಒದ್ದೆಯಾಗಿತ್ತು. ಪಕ್ಕದವರ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದೆ, ಅಲ್ಲಿಂದ ಸಗಣಿ ಗುಡ್ಡೆಗೆ. ಸಗಣಿ ಮೆತ್ತಗಿತ್ತು, ತಗಡು ಮೆತ್ತಗಿರಲಿಲ್ಲ. ಬಲ ಭುಜದ ಕೀಲು ತಪ್ಪಿತು.

ಆಸ್ಪತ್ರೆಯ ಡಾಕ್ಟರಮ್ಮ ಕೀಲು ಕೂರಿಸಿ, ತೋಳನ್ನು ಎದೆಗೆ ಕಟ್ಟಿ, "ಬಿಲ್ಲಿನ ಮಾತು ಸದ್ಯಕ್ಕೆ ಎತ್ತಬೇಡಿ" ಅಂದರು. ಸದ್ಯಕ್ಕೆ ಅಂದರೆ ಎಷ್ಟು ದಿನ ಅಂತ ಕೇಳಿದೆ. "ನಿಮ್ಮ ಭುಜ ಹೇಳುತ್ತೆ" ಅಂದರು. ನನ್ನ ಭುಜಕ್ಕೆ ಅಷ್ಟು ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ರಾತ್ರಿ ಮಗ್ಗುಲು ಬದಲಾಯಿಸಿದರೆ ಮಾತು, ಕೆಮ್ಮಿದರೆ ಮಾತು, ರವಿಕೆ ತೊಡಲು ಹೋದರಂತೂ ದೊಡ್ಡ ಭಾಷಣ.

ನನ್ನ ಗಂಡ ಮರುಳಪ್ಪನವರದು ಮಂಡಕ್ಕಿ ಭಟ್ಟಿ. ಅಲ್ಲಿ ಚೀಲ ಹೊಲಿಯುವ ಹುಡುಗಿ ಕುಮುದ, ಎದುರು ಮನೆಯವಳು, ಸಾಯಂಕಾಲ ಕೆಲಸ ಮುಗಿಸಿ ಬಂದು ನನ್ನ ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದಳು. ತಾಯಿಯಿಲ್ಲದ ಹುಡುಗಿ, ಅಪ್ಪ ಅದೇ ಭಟ್ಟಿಯಲ್ಲಿ ಕಾದ ಮರಳಲ್ಲಿ ಅಕ್ಕಿ ಹುರಿಯುತ್ತಾನೆ. ಬಾಯಿ ಮಾತ್ರ ಬೀದಿಗೆಲ್ಲ ಸಾಲುವಷ್ಟು. "ಸಾಕತ್ತೆ, ನಿಮ್ಮ ಕೂದಲು ಇಷ್ಟು ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ. ಯಾವಾಗ್ಲೂ ಯುದ್ಧಕ್ಕೆ ಹೊರಟವರ ಥರ ಬಿಗಿದು ಕಟ್ಟಿರ್ತಿದ್ರಿ" ಅನ್ನುವಳು. ಅವಳಿಗೆ ಮದುವೆ ಗೊತ್ತಾಗಿತ್ತು, ಬೇಸಿಗೆಯಲ್ಲಿ ಮುಹೂರ್ತ. ನಮ್ಮ ಕಡೆ ಧಾರೆ ಎರೆಯುವುದು ಅಂದರೆ ತಂಬಿಗೆಯಿಂದ ಎರೆಯುವುದಲ್ಲ. ಗಂಡು ಹೆಣ್ಣಿನ ಕೂಡಿಸಿದ ಕೈ ಮೇಲೆ ಮೋಡದಿಂದಲೇ ಹನಿ ಬೀಳಬೇಕು. ಹೆಣ್ಣಿನ ಬೀದಿಯ ಬಿಲ್ಲುಗಾರರು ಹೊಡೆಯಬೇಕು. "ನೀವೇ ಹೊಡೀಬೇಕು" ಅಂತ ಜಡೆ ಎಳೆದು ಹೇಳಿದಳು. ಹೊಡೀತೀನಿ ಅಂದೆ. ಬೇಸಿಗೆ ದೂರವಿತ್ತು.

ನನ್ನ ಬದಲಿಗೆ ಬೀದಿಯವರು ತಿಪ್ಪೇಶಿಯನ್ನು ನಿಲ್ಲಿಸಿದರು. ತಿಪ್ಪೇಶಿ ನಮ್ಮ ಬೀದಿಯ ದರ್ಜಿ. ಕಂಬದಂಥ ಆಳು, ಒಳ್ಳೆಯವನು. ಸೂಜಿಗೆ ದಾರ ಪೋಣಿಸುವ ಕೈಯಲ್ಲಿ ಮೂವತ್ತು ಸೇರು ಎಳೆಯುತ್ತಿದ್ದ. ಆದರೆ ಅವನಿಗೆ ಹದ ಅನ್ನುವುದು ಬಟ್ಟೆಯಲ್ಲಿ ಮಾತ್ರ. ಮೋಡಕ್ಕೆ ಹೊಡೆದರೆ ಮೋಡ ಸೀಳಿಯೇ ಹೋಗಬೇಕು. ಮೊದಲ ಸಲ ಹೊಡೆದಾಗ ನಮ್ಮನೆಯವರು ಅಂಗಳದಲ್ಲಿ ಒಣಗಲು ಹರವಿದ್ದ ಭತ್ತವೆಲ್ಲ ತೇಲಿಕೊಂಡು ಚರಂಡಿ ಸೇರಿತು. ಅವನೇ ಬಂದು ಮೊಳಕಾಲುದ್ದ ನೀರಲ್ಲಿ ನಿಂತು, "ಅಕ್ಕಾ, ಸ್ವಲ್ಪ ಜಾಸ್ತಿ ಆಯ್ತೇನೋ" ಅಂತ ಮುಖ ಸಣ್ಣದು ಮಾಡಿದ. ನಮ್ಮನೆಯವರು, "ಇಲ್ಲಪ್ಪ, ಮೀನು ಸಾಕೋದಕ್ಕೆ ಇಷ್ಟಾದ್ರೂ ಬೇಡವಾ" ಅಂದರು.

ತೋಳಿನ ಕಟ್ಟು ಬಿಚ್ಚಿದ ಮೇಲೆ ನಾನು ಮೊದಲು ಹೋದದ್ದು ಹಾಲಜ್ಜನ ಅಂಗಡಿಗೆ. ಊರಿನ ಬಿಲ್ಲುಗಳೆಲ್ಲ ಹುಟ್ಟುವುದು ಅಲ್ಲಿಯೇ. ಬಾಗಿಲ ಬಳಿ ಸಣ್ಣ ಬಿಲ್ಲುಗಳು, ಒಳಗೆ ಹೋದ ಹಾಗೆ ದೊಡ್ಡವು, ತೂಕದ ಪ್ರಕಾರ ಸಾಲಾಗಿ ಗೋಡೆಗೆ ತೂಗುತ್ತಿರುತ್ತವೆ. ನಾನು ಅಭ್ಯಾಸಬಲದಿಂದ ಸೀದಾ ಒಳಗೆ ನಡೆದೆ. ಅಜ್ಜ ಕೂತಲ್ಲಿಂದಲೇ, "ಎಲ್ಲಿಗೆ ಹೊರಟೆಯವ್ವ? ನಿನ್ನ ಜಾಗ ಈಗ ಬಾಗಿಲ ಹತ್ರ" ಅಂದ.

ಕೊಟ್ಟದ್ದು ಎಂಟು ಸೇರಿನ ಬಿಲ್ಲು. ಹಬ್ಬಕ್ಕೆ ಮಕ್ಕಳಿಗೆ ಕೊಡಿಸುವಂಥದ್ದು. ಹಿಡಿಗೆ ಕೆಂಪು ಬಣ್ಣ ಬೇರೆ ಬಳಿದಿತ್ತು.

"ಇದನ್ನ ಹಿಡ್ಕೊಂಡು ಬೀದಿಯಲ್ಲಿ ಹೋಗ್ಲಾ ಅಜ್ಜ?"

"ಹೋಗು. ಎಳ್ಕೊಂಡು ನಿಂತು ನಿನ್ನ ಗಂಡನ ಮನೆಯವರ ಹೆಸರು ಹೇಳು ನೋಡೋಣ."

ಅದು ಅಜ್ಜನ ಪರೀಕ್ಷೆ. ಹೆದೆಯನ್ನು ದವಡೆಯ ತನಕ ಎಳೆದು, ಹಿಡಿದು, ಮಾತಾಡಬೇಕು. ದನಿ ಸರಾಗವಾಗಿ ಬಂದರೆ ಬಿಲ್ಲು ನಿನ್ನದು. ದನಿ ಗಂಟಲಲ್ಲಿ ಸಿಕ್ಕಿಕೊಂಡರೆ ಬಿಲ್ಲು ಬೇರೆ ಯಾರದ್ದೋ. ಮಾವ, ಅತ್ತೆ, ಮೂವರು ನಾದಿನಿಯರು ಅಂತ ಹೇಳುತ್ತಾ ಹೋದೆ. ಕೊನೆಯ ನಾದಿನಿಗೆ ಬರುವಷ್ಟರಲ್ಲಿ ಆಡಿನ ಮರಿಯ ಹಾಗೆ ದನಿ ನಡುಗಿತು. ಎಂಟು ಸೇರಿಗೆ! ನನಗೆ ಅಳು ಬಂತು, ಅಜ್ಜನಿಗೆ ನಗು ಬಂತು. ಮೆಲ್ಲಗೆ ಹೆದೆಯನ್ನು ವಾಪಸ್ಸು ತಂದೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಮುರಿಯುತ್ತದೆ, ಅಜ್ಜನ ಕೈಯಲ್ಲಿ ಪೆಟ್ಟೂ ಬೀಳುತ್ತದೆ.

"ದಿನಾ ಸ್ವಲ್ಪ ಎಳಿ. ಮಾರನೆ ದಿನ ಬೆಳಿಗ್ಗೆ ಎದ್ದಾಗ ಭುಜ ಬೈದರೆ ಅವತ್ತು ಬಿಡು. ಬೈಯದಿದ್ದರೆ ಮತ್ತೆ ಎಳಿ. ಇಷ್ಟೇ ಔಷಧಿ."

ಡಾಕ್ಟರಮ್ಮನೂ ಇದನ್ನೇ ಹೇಳಿದ್ದರು, ಜೊತೆಗೆ ಗೋಡೆ ಮೇಲೆ ಬೆರಳು ಹತ್ತಿಸುವುದು, ರಬ್ಬರು ಪಟ್ಟಿ ಎಳೆಯುವುದು ಅಂತ ಕಸರತ್ತು ಕೂಡ. ಎರಡನ್ನೂ ಮಾಡಿದೆ. ಎಂಟು ಸೇರನ್ನು ಸೀರೆಯ ಸೆರಗಿನಲ್ಲಿ ಕದ್ದ ಕೋಳಿಯ ಹಾಗೆ ಮುಚ್ಚಿಕೊಂಡು ಭಟ್ಟಿಯ ಹಿಂದಿನ ಹೊಟ್ಟಿನ ರಾಶಿಗೆ ಹೋಗುತ್ತಿದ್ದೆ. ಭತ್ತದ ಹೊಟ್ಟು ತುಂಬಿದ ಚೀಲಗಳಿಗೆ ಬಾಣ ಬಿಡುವುದು. ಒಂದು ದಿನ ನಮ್ಮನೆಯವರು ಇಣುಕಿ ನೋಡಿ, "ಹೊಟ್ಟು ಏನು ಮಾಡ್ತು ಪಾಪ?" ಅಂದರು. ಆಮೇಲೆ ಅವರೇ ಚೀಲಗಳನ್ನು ಸರಿಯಾಗಿ ಜೋಡಿಸಿ, ಮಸಿಯಲ್ಲಿ ಒಂದು ಮೋಡ ಬರೆದು ಕೊಟ್ಟರು. ಮೋಡ ನೋಡಲಿಕ್ಕೆ ಅವರ ತಮ್ಮನ ಹಾಗಿತ್ತು. ನನಗೆ ಗುರಿ ಚೆನ್ನಾಗಿ ಕೂತಿತು.

ಎಂಟು ಹೋಗಿ ಹತ್ತಕ್ಕೆ ಬಂದೆ. ಹತ್ತಕ್ಕೆ ಬಂದ ಮೇಲೆ ತಲೆ ಕೆಟ್ಟಿತು. ಅದಕ್ಕೆ ಕಾರಣ ಬೋರ್‌ವೆಲ್ ಹತ್ತಿರ ಕೇಳಿದ ಒಂದು ಮಾತು. "ಸಾಕಮ್ಮಂದು ಮುಗೀತು ಬಿಡಿ, ಇನ್ನು ತಿಪ್ಪೇಶಿನೇ ಕಾಯಂ" ಅಂತ ಯಾರೋ ಅಂದರು, ನಾನು ಕೊಡ ಎತ್ತಿಕೊಂಡು ಮುಂದೆ ಹೋದಾಗ ಎಲ್ಲರೂ ಬಾಯಿ ಮುಚ್ಚಿಕೊಂಡರು. ಮನೆಗೆ ಬಂದವಳೇ ಅಟ್ಟದ ಮೇಲಿದ್ದ ಇಪ್ಪತ್ತೈದನ್ನು ಇಳಿಸಿ, ಹೆದೆ ಏರಿಸಿ, ತಾರಸಿಗೆ ಹೋದೆ. ತಲೆಯ ಮೇಲೆ ತಗ್ಗಿನಲ್ಲೇ ಒಂದು ಮೋಡ ತೂಗುತ್ತಿತ್ತು, ಮೇಕೆಯಷ್ಟು ದೊಡ್ಡದು. ಎಳೆದೆ. ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು, ಆಮೇಲೆ ಭುಜದೊಳಗೆ ಯಾರೋ ಕಾದ ಕಬ್ಬಿಣ ಇಟ್ಟ ಹಾಗಾಯಿತು. ಕೈ ತಾನಾಗಿ ಬಿಟ್ಟುಬಿಟ್ಟಿತು. ಬಾಣ ಮೋಡದ ಕಡೆ ತಿರುಗಿಯೂ ನೋಡಲಿಲ್ಲ. ಬೀದಿಗೆ ಅಡ್ಡ ಹಾರಿ ತಿಪ್ಪೇಶಿಯ ಅಂಗಡಿಯ ಬೋರ್ಡಿಗೆ ನಾಟಿಕೊಂಡಿತು. ಒಳಗಿನಿಂದ ತಿಪ್ಪೇಶಿ ಟೇಪು ಕೊರಳಿಗೆ ಹಾಕಿಕೊಂಡೇ ಓಡಿಬಂದು ಮೇಲೆ ನೋಡಿದ.

"ಅಕ್ಕಾ, ನನ್ನ ಮೇಲೆ ಕೋಪ ಇದ್ರೆ ಬಾಯಲ್ಲೇ ಹೇಳ್ಬಹುದಿತ್ತು!"

ನಗಬೇಕು ಅನಿಸಿತು, ನಗಲು ಆಗಲಿಲ್ಲ. ಮತ್ತೆ ತೋಳು ಎದೆಗೆ ಕಟ್ಟಿಸಿಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ, ಅದು ಬೈದದ್ದಕ್ಕಿಂತ ಜಾಸ್ತಿಯಾಯಿತು. ಸಾಯಂಕಾಲ ಕುಮುದ ಬಂದು ಜಡೆ ಹಾಕಿದಳು. ಜಡೆಯ ತುದಿ ಕಟ್ಟುತ್ತಾ, "ನನ್ನ ಮದುವೆಗೆ ಅಂತ ಹೀಗೆ ಮಾಡ್ಕೋಬೇಡಿ ಅತ್ತೆ. ತಿಪ್ಪೇಶಣ್ಣ ಹೊಡೀಲಿ. ಎಲ್ಲರೂ ಒದ್ದೆಯಾದರೆ ಆಗಲಿ" ಅಂದಳು.

"ಹೋಮದ ಬೆಂಕಿ ಆರಿಹೋಗುತ್ತೆ ಕಣೇ."

"ಆರಲಿ."

"ಅನ್ನ ಸಾರಲ್ಲಿ ತೇಲುತ್ತೆ."

"ಹೇಗೂ ಕಲಸ್ಕೊಂಡು ತಾನೆ ತಿನ್ನೋದು?" ಅಂದಳು. ನನಗೆ ಆ ಹುಡುಗಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತು ಅಂದರೆ, ಎಡಗೈಯಿಂದಲೇ ಅವಳ ಕೆನ್ನೆ ಹಿಂಡಿದೆ.

ಎರಡನೆಯ ಸಲ ಗುಣವಾಗುವಾಗ ಅವಸರ ಮಾಡಲಿಲ್ಲ. ಮಾಡಲು ಧೈರ್ಯವೂ ಇರಲಿಲ್ಲ. ಮತ್ತೆ ಎಂಟು, ಮತ್ತೆ ಹತ್ತು, ಆಮೇಲೆ ಹನ್ನೊಂದು. ಈ ಸಲ ಬಿಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಬೀದಿಯವರು ನೋಡಿದರು, ನಾಲ್ಕು ದಿನ ನಕ್ಕರು, ಐದನೆಯ ದಿನ ಅವರಿಗೂ ಬೇಜಾರಾಯಿತು. ಹನ್ನೊಂದರಲ್ಲಿ ನನಗೊಂದು ವಿಷಯ ಗೊತ್ತಾಯಿತು. ಇಪ್ಪತ್ತೈದನ್ನು ಎಳೆಯುವಾಗ ನಾನು ಯಾವತ್ತೂ ಮೋಡವನ್ನು ನೋಡಿರಲೇ ಇಲ್ಲ. ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ, ಯಾವಾಗ ಬಿಟ್ಟೇನು ಅಂತ ಇರುತ್ತಿತ್ತು. ಈಗ ಎಳೆದು ಹಿಡಿದರೆ ಪುರುಸೊತ್ತು. ಮೋಡಕ್ಕೆ ಅಂಚಿದೆ, ಒಳಗೆ ಬೂದು ಬಣ್ಣದ ಮಡಿಕೆಗಳಿವೆ, ಗಾಳಿ ಬಂದಾಗ ಒಂದು ಮೂಲೆ ತೆಳ್ಳಗಾಗುತ್ತದೆ. ಆ ತೆಳ್ಳಗಿನ ಮೂಲೆಗೆ ಹೊಡೆದರೆ ಮಳೆ ಭೋರ್ಗರೆಯುವುದಿಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ, ಸಂಜೆಯವರೆಗೂ ಬೀಳುತ್ತದೆ. ಚಳಿಗಾಲದಲ್ಲಿ ಮೋಡಗಳು ಮನೆಯ ಮಾಡಿನ ಹತ್ತಿರವೇ ಇಳಿದಿರುತ್ತವಲ್ಲ, ಅಂಥ ಒಂದೆರಡನ್ನು ಹೊಡೆದೆ. ಡ್ರಮ್ಮು ತುಂಬಲಿಕ್ಕೆ ಇಡೀ ದಿನ ಹಿಡಿಯಿತು ಅಂತ ಕೆಲವರು ಗೊಣಗಿದರು. ಬೀದಿಯ ಕೊನೆಯ ಮನೆಯ ಮುದುಕಿ ಮಾತ್ರ ಅಂಗಳಕ್ಕೆ ಸ್ಟೂಲು ತಂದು ಹಾಕಿಕೊಂಡು ಮಳೆಯಲ್ಲೇ ಕೂತಳು. "ನಿನ್ನ ಹಳೇ ಮಳೆಗೆ ಹೆಂಚೇ ಒಡೀತಿತ್ತು, ನನ್ನ ತಲೆ ಯಾವ ಲೆಕ್ಕ" ಅಂದಳು.

ಬೇಸಿಗೆ ಹತ್ತಿರ ಬಂತು. ಹಾಲಜ್ಜನ ಅಂಗಡಿಗೆ ಮತ್ತೆ ಹೋದೆ. ಅಜ್ಜ ಹದಿಮೂರರದ್ದು ಕೊಟ್ಟ. ಎಳೆದು, ಹಿಡಿದು, ಗಂಡನ ಮನೆಯವರ ಹೆಸರು, ತವರಿನವರ ಹೆಸರು, ಬೀದಿಯ ನಾಯಿಗಳ ಹೆಸರು ಎಲ್ಲ ಹೇಳಿದೆ. ದನಿ ನಡುಗಲಿಲ್ಲ. ಅಜ್ಜ ಹದಿನೆಂಟರದ್ದನ್ನು ಕೈಗಿಟ್ಟ. ಅದೂ ಬಂತು. ತವರಿನವರ ತನಕ ದನಿ ಬಂತು, ನಾಯಿಗಳಿಗೆ ಉಸಿರು ಸಾಲಲಿಲ್ಲ.

"ಇದನ್ನೇ ತಗೋ. ಬೇಸಿಗೆ ಮೋಡ ಎತ್ತರ ಇರುತ್ತೆ. ಮುಂದಿನ ವರ್ಷಕ್ಕೆ ಇಪ್ಪತ್ತೆರಡು ಮಾಡೋಣ" ಅಂದ ಅಜ್ಜ. ಅವನ ಮುಖದಲ್ಲಿ ಹುರುಪು ಬಂದಿತ್ತು. ನನ್ನ ಹಳೆಯ ಬಿಲ್ಲು ಅವನೇ ಮಾಡಿದ್ದು, ಅದು ಅವನಿಗೂ ಹೆಮ್ಮೆ.

ನಾನು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಹದಿನೆಂಟು ಎಳೆದಾಗ ಹಲ್ಲು ಕಚ್ಚಿದ್ದೆ. ಭುಜ ಇನ್ನೂ ಏನೂ ಅಂದಿರಲಿಲ್ಲ, ಆದರೆ ಅನ್ನಲಿಕ್ಕೆ ಬಾಯಿ ತೆರೆದಿತ್ತು.

"ಬರುತ್ತೆ ಅಜ್ಜ. ಬರಲ್ಲ ಅಂತಲ್ಲ. ಆದರೆ ಇದರಲ್ಲಿ ಸುಖ ಇಲ್ಲ" ಅಂದೆ. ಹದಿಮೂರನ್ನು ತಗೊಂಡೆ.

"ಎತ್ತರ ಮುಟ್ಟಲ್ಲ ನೋಡು!" ಅಂತ ಬಾಗಿಲ ತನಕ ಬಂದು ಕೂಗಿದ. ಅವನು ಹೇಳಿದ್ದು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಮದುವೆ ದಿನ ಬಂದಾಗ ಇನ್ನೂ ಚೆನ್ನಾಗಿ ಗೊತ್ತಾಯಿತು.

ಅವತ್ತು ಬೆಳಿಗ್ಗೆಯೇ ಕಾವು. ಬೀದಿಗೆ ಅಡ್ಡಲಾಗಿ ಚಪ್ಪರ, ನಡುವೆ ಆಕಾಶ ಕಾಣುವ ಹಾಗೆ ಬಿಟ್ಟ ಕಂಡಿ, ಅದರ ಕೆಳಗೆ ಹಸೆಮಣೆ. ಮೇಲೆ ಒಂದೇ ಒಂದು ಮೋಡ, ಬೆಳ್ಳಗೆ, ಒಗೆದು ಹಿಂಡಿದ ಪಂಚೆಯ ಹಾಗೆ, ತುಂಬಾ ಎತ್ತರದಲ್ಲಿ. ಚಪ್ಪರದ ಹತ್ತಿರ ನಿಂತು ಅಳತೆ ನೋಡಿದೆ. ಆಗದ ಮಾತು. ತಿಪ್ಪೇಶಿ ಹೊಸ ಜುಬ್ಬ ಹಾಕಿಕೊಂಡು, ಬೇಕಾದರೆ ಇರಲಿ ಅಂತ ಮೂವತ್ತರ ಬಿಲ್ಲನ್ನು ಕಂಬಕ್ಕೆ ಒರಗಿಸಿಕೊಂಡು ನಿಂತಿದ್ದ. ಇಡೀ ಬೀದಿಗೆ ಎತ್ತರದ ಮನೆ ಅವನದೇ, ಕೆಳಗೆ ಅಂಗಡಿ, ಮೇಲೆ ಎರಡು ಮಹಡಿ. "ಅಕ್ಕಾ, ನಮ್ಮ ತಾರಸಿಗೆ ಹೋಗಿ" ಅಂತ ಬೀಗದ ಕೈ ಕೊಟ್ಟ.

ಮೆಟ್ಟಿಲು ಹತ್ತಿದೆ. ತಾರಸಿಯಿಂದ ನೋಡಿದರೆ ಮೋಡದ ಕೆಳಗಿನ ಅಂಚು ಮುಟ್ಟುವ ಹಾಗಿತ್ತು, ಮುಟ್ಟದೆಯೂ ಇರುವ ಹಾಗಿತ್ತು. ಕೆಳಗೆ ಪುರೋಹಿತರು ಕೈ ಎತ್ತಿದರು. ಓಲಗ ಜೋರಾಯಿತು. ಎಳೆದೆ, ದವಡೆಗೆ ತಂದೆ. ಗಾಳಿ ಒಂದು ಮೂಲೆಯನ್ನು ತೆಳ್ಳಗೆ ಮಾಡುವ ತನಕ ಕಾದೆ. ಕಾಯಲು ನನಗೆ ಕಷ್ಟವೇ ಆಗಲಿಲ್ಲ. ಬಿಟ್ಟೆ. ಬಾಣ ಏರಿತು, ಏರಿ ನಿಧಾನವಾಯಿತು, ಇನ್ನೇನು ತಿರುಗುತ್ತದೆ ಅನ್ನುವಾಗ ಮೂಲೆಯೊಳಗೆ ಮೊನೆ ಇಟ್ಟು ಅಲ್ಲೇ ಉಳಿದುಕೊಂಡಿತು.

ಹನಿ ಶುರುವಾಯಿತು. ನನ್ನ ಮುಖದ ಮೇಲೆ, ತೋಳಿನ ಮೇಲೆ, ತಣ್ಣಗೆ, ಸಣ್ಣಗೆ. ನಾನು ಕಣ್ಣು ಮುಚ್ಚಿ ನಿಂತೆ. ಕೆಳಗಿನಿಂದ ಜಯಘೋಷ ಬರುತ್ತದೆ ಅಂದುಕೊಂಡರೆ ಓಲಗ ನಿಂತ ಸದ್ದು ಬಂತು. ಬಗ್ಗಿ ನೋಡಿದೆ. ಗಂಡು ಹೆಣ್ಣು ಕೈ ಕೂಡಿಸಿ ಹಿಡಿದಿದ್ದಾರೆ, ಇಡೀ ಮದುವೆ ಬಾಯಿ ತೆರೆದು ಮೇಲೆ ನೋಡುತ್ತಿದೆ, ಒಬ್ಬರ ಮೇಲೂ ಒಂದು ಹನಿ ಇಲ್ಲ. ಅಷ್ಟು ಸಣ್ಣ ಹನಿ ಆ ಕಾವಿಗೆ ಬೀದಿ ತನಕ ಇಳಿಯುವ ಮೊದಲೇ ಆರಿಹೋಗುತ್ತಿತ್ತು. ನಾನು ಮೇಲೆ ತೊಯ್ಯುತ್ತಿದ್ದೆ, ಅವರು ಕೆಳಗೆ ಬೆವರುತ್ತಿದ್ದರು.

"ಮುಹೂರ್ತ ಮೀರುತ್ತೆ!" ಅಂದರು ಪುರೋಹಿತರು.

ಗಂಡಿನ ಕಡೆಯವರಲ್ಲಿ ಗುಸುಗುಸು ಎದ್ದಿತು. ತಿಪ್ಪೇಶಿ ಬಿಲ್ಲನ್ನು ಕೈಗೆ ತಗೊಂಡು, ಎತ್ತದೆ, ನನ್ನನ್ನೇ ನೋಡಿದ. "ಹೊಡೀಲಾ ಅಕ್ಕಾ?"

ಹದಿನೆಂಟು ತಂದಿದ್ದರೆ ಬಾಣ ಇನ್ನೂ ಒಳಗೆ ಹೋಗುತ್ತಿತ್ತು, ಇನ್ನಷ್ಟು ದಪ್ಪ ಹನಿ ಬೀಳುತ್ತಿತ್ತು. ನನ್ನ ಸುಖ ನೋಡಿಕೊಂಡು ಹುಡುಗಿಯ ಮದುವೆ ಕೆಡಿಸಿದೆನೇ ಅನಿಸಿತು. ಕುಮುದಳ ಅಪ್ಪ ಬಾಸಿಂಗ ಕಟ್ಟಿದ ಮಗಳನ್ನು ನೋಡುತ್ತಾ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಹೊಡಿ ತಿಪ್ಪೇಶಿ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಕುಮುದ ಬಾಸಿಂಗ ಹಿಂದಕ್ಕೆ ಸರಿಸಿ ತಲೆ ಎತ್ತಿದಳು. "ಸಾಕತ್ತೇ! ಅಲ್ಲಿ ಬೀಳ್ತಿದೆಯಾ?"

"ಬೀಳ್ತಿದೆ ಕಣೇ! ಚೆನ್ನಾಗಿ ಬೀಳ್ತಿದೆ!"

"ಹಾಗಾದ್ರೆ ಅಲ್ಲೇ ಇರಿ, ನಾವೇ ಬರ್ತೀವಿ" ಅಂದವಳೇ ಸೀರೆ ಎತ್ತಿ ಕಟ್ಟಿ, ಗಂಡಿನ ಕೈ ಹಿಡಿದುಕೊಂಡು ಎದ್ದೇಬಿಟ್ಟಳು. ಗಂಡು ಪಾಪ ಹೊಸಬ, ಎಲ್ಲಿಗೆ ಅಂತಲೂ ಕೇಳಲಿಲ್ಲ.

ಆಮೇಲಿನದ್ದನ್ನು ನೋಡಲು ಪುಣ್ಯ ಮಾಡಿರಬೇಕು. ಮುಂದೆ ಮದುಮಕ್ಕಳು, ಹಿಂದೆ ಅಗ್ನಿಕುಂಡವನ್ನು ಒದ್ದೆ ಗೋಣಿಯಲ್ಲಿ ಹಿಡಿದು ಇಬ್ಬರು, ಅವರ ಹಿಂದೆ "ಶಾಸ್ತ್ರದಲ್ಲಿ ಮಹಡಿ ಇಲ್ಲ, ಮಹಡಿ ಇಲ್ಲ" ಅನ್ನುತ್ತಲೇ ಮೆಟ್ಟಿಲು ಹತ್ತುತ್ತಿದ್ದ ಪುರೋಹಿತರು, ಓಲಗದವರು, ಕಳಸ ಹಿಡಿದವರು. ಗಂಡಿನ ಅಜ್ಜಿಗೆ ಮಂಡಿ ನೋವು. ತಿಪ್ಪೇಶಿ ಬಿಲ್ಲು ಕೆಳಗಿಟ್ಟು, ಕುರ್ಚಿ ಸಮೇತ ಅಜ್ಜಿಯನ್ನು ಎತ್ತಿಕೊಂಡ. ಮೂವತ್ತು ಸೇರಿನ ತೋಳು ಅವತ್ತು ಸರಿಯಾದ ಕೆಲಸಕ್ಕೆ ಬಂತು. ಅಜ್ಜಿ ಮೇಲಿನಿಂದ, "ಓಲಾಡಿಸಬೇಡ ಕಣಪ್ಪ, ತಾಂಬೂಲ ಗಂಟಲಿಗೆ ಹೋಗುತ್ತೆ" ಅನ್ನುತ್ತಿದ್ದಳು. ನಮ್ಮನೆಯವರು ಎಲ್ಲರಿಗಿಂತ ಹಿಂದೆ, ಹಸೆಮಣೆಯನ್ನು ತಲೆ ಮೇಲೆ ಹೊತ್ತು.

ತಾರಸಿಯ ನಟ್ಟನಡುವೆ ಮಣೆ ಹಾಕಿದರು. ಕುಂಡಕ್ಕೆ ತಿಪ್ಪೇಶಿಯ ಮನೆಯ ದೊಡ್ಡ ಕೊಡೆ ಹಿಡಿದರು. ಪುರೋಹಿತರು ಕನ್ನಡಕ ಒರೆಸಿಕೊಂಡು ಸೂರ್ಯನ ಕಡೆ ನೋಡಿ, "ಇನ್ನೂ ಇದೆ, ಇನ್ನೂ ಇದೆ, ಬೇಗ" ಅಂದರು. ಗಂಡಿನ ಅಂಗೈ ಮೇಲೆ ಕುಮುದಳ ಅಂಗೈ. ಅದರ ಮೇಲೆ ಸಣ್ಣಗೆ, ಒಂದೊಂದಾಗಿ, ಹನಿ. ನಮ್ಮ ಬೀದಿಯಲ್ಲಿ ನಾನು ಹೊಡೆದ ಮದುವೆ ಮಳೆಯಲ್ಲೆಲ್ಲ ಜನ ಧಾರೆಯಾದ ತಕ್ಷಣ ತಲೆ ಮೇಲೆ ತಟ್ಟೆ ಹಿಡಿದು ಓಡುತ್ತಿದ್ದರು. ಇಲ್ಲಿ ಯಾರೂ ಓಡಲಿಲ್ಲ. ಅಂಗೈಯಲ್ಲಿ ನೀರು ತುಂಬುವ ತನಕ ಎಲ್ಲರೂ ಸುಮ್ಮನೆ ನಿಂತು ನೋಡಿದರು. ತುಂಬಿ, ಬೆರಳ ಸಂದಿಯಿಂದ ಒಂದು ಗೆರೆ ಇಳಿಯಿತು. ಕುಮುದಳ ಅಪ್ಪ ಟವೆಲಿನಿಂದ ಒರೆಸಿಕೊಂಡದ್ದು ಬೆವರೋ ಮಳೆಯೋ ಮತ್ತೊಂದೋ ಗೊತ್ತಾಗಲಿಲ್ಲ.

ಊಟಕ್ಕೆ ಕೆಳಗೆ ಎಲೆ ಹಾಕಿದೆ ಅಂತ ಕೂಗಿದರು. ಒಬ್ಬರೂ ಇಳಿಯಲಿಲ್ಲ. ಕೆಳಗೆ ಬೀದಿ ಕಾದ ಬಾಣಲೆ, ಮೇಲೆ ತಂಪು. ಕೊನೆಗೆ ಎಲೆಗಳೇ ಮೇಲೆ ಬಂದವು, ಅನ್ನದ ಬುಟ್ಟಿ ಬಂತು, ಹುಳಿಯ ಬಕೆಟ್ಟು ಬಂತು. ಜನ ಗೋಡೆಯುದ್ದಕ್ಕೂ ಕೂತರು. ಬಡಿಸುವವರು ಕಡಿಮೆ ಬಿದ್ದರು. ಗಂಡಿನ ಅಜ್ಜಿ ನನ್ನ ಕಡೆ ನೋಡಿ, "ಬಿಲ್ಲು ಹಿಡಿದವಳಲ್ವಾ ನೀನು? ಹುಳಿ ತಗೊಂಡು ಬಾ ತಾಯಿ, ಹಸಿವು" ಅಂದಳು. ನಾನು ಹದಿಮೂರನ್ನು ನೀರಿನ ಟ್ಯಾಂಕಿಗೆ ಒರಗಿಸಿ, ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು ಹಿಡಿದು ಸಾಲಿನ ತುದಿಯಿಂದ ಶುರು ಮಾಡಿದೆ. ತಿಪ್ಪೇಶಿಯ ಎಲೆಗೆ ಬಂದಾಗ ಅವನು ಎರಡೂ ಕೈ ಅಡ್ಡ ಹಿಡಿದು, "ಸ್ವಲ್ಪ ಸಾಕಕ್ಕಾ, ಸ್ವಲ್ಪ ಸಾಕು" ಅಂದ. ಒಂದು ಸೌಟು ಜಾಸ್ತಿಯೇ ಹಾಕಿದೆ.